ಮಾಡ್ಯುಲೋ ಲೆಕ್ಕದಲ್ಲಿ ಭಾಗಾಕಾರ ಮಾತ್ರ ಯಾಕೆ ಕೈಕೊಡುತ್ತದೆ?

ಪ್ರಶ್ನೆ: ನಾನು ಪ್ರೋಗ್ರಾಮಿಂಗ್ ಕಲಿಯುತ್ತಿದ್ದೇನೆ. ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ರೀತಿ ಆರಿಸಬಹುದು ಅಂತ ಲೆಕ್ಕ ಕೊಟ್ಟು, ಉತ್ತರವನ್ನು 1000000007ರಿಂದ ಭಾಗಿಸಿದಾಗ ಉಳಿಯುವ ಶೇಷ ಬರೆಯಿರಿ ಅನ್ನುತ್ತಾರೆ. ಪ್ರತಿ ಹಂತದಲ್ಲೂ ಶೇಷ ತೆಗೆಯುತ್ತಾ ಹೋದೆ. ಕೂಡಿದರೆ, ಗುಣಿಸಿದರೆ ಸರಿ ಬರುತ್ತದೆ. ಕಳೆದರೆ ಒಮ್ಮೊಮ್ಮೆ ಮೈನಸ್ ಬರುತ್ತದೆ. ಭಾಗಿಸಿದರಂತೂ ಪೂರ್ತಿ ತಪ್ಪು, ಎಷ್ಟೋ ಸಲ ಬರೀ ಸೊನ್ನೆ. ಘಾತಾಂಕಕ್ಕೂ ಶೇಷ ತೆಗೆಯಬಹುದು ಅಂತ ಒಬ್ಬರು, ತೆಗೆಯಬಾರದು ಅಂತ ಇನ್ನೊಬ್ಬರು ಹೇಳುತ್ತಾರೆ. ಯಾವುದಕ್ಕೆ ನಡೆಯುತ್ತದೆ, ಯಾವುದಕ್ಕೆ ನಡೆಯುವುದಿಲ್ಲ, ಯಾಕೆ?

ಉತ್ತರ: ಸೊನ್ನೆ ಎಲ್ಲಿಂದ ಬಂತು ಅನ್ನೋದನ್ನ ಮೊದಲು ಕಣ್ಣಾರೆ ನೋಡಿಬಿಡೋಣ, ಕಾರಣ ಆಮೇಲೆ. 1000000007 ಬಹಳ ದೊಡ್ಡದು, ಕೈಯಲ್ಲಿ ಹಿಡಿದು ನೋಡೋಕೆ ಆಗಲ್ಲ. ಅದರ ಬದಲು 7 ಇಟ್ಟುಕೊಳ್ಳಿ. 5 ವಸ್ತುಗಳಲ್ಲಿ 2ನ್ನು ಆರಿಸುವ ರೀತಿಗಳು 10. ಅದನ್ನು 7ರಿಂದ ಭಾಗಿಸಿದರೆ ಶೇಷ 3. ನಮಗೆ ಬರಬೇಕಾದ ಉತ್ತರ ಇದು. ಈಗ ಸೂತ್ರದಲ್ಲಿ ಹೋಗಿ: 5! ÷ (2! × 3!). 5! (5 ಫ್ಯಾಕ್ಟೋರಿಯಲ್) ಅಂದರೆ 5 × 4 × 3 × 2 × 1 = 120, ಅದರ ಶೇಷ 1. 2! × 3! ಅಂದರೆ 12, ಅದರ ಶೇಷ 5. ಕೊನೆಗೆ ಕಂಪ್ಯೂಟರಿಗೆ ಹೇಳುವುದು ಏನು? 1 ÷ 5. ಪೂರ್ಣಾಂಕದ ಭಾಗಾಕಾರದಲ್ಲಿ ಅದಕ್ಕೆ ಉತ್ತರ 0. ನಿಮ್ಮ ಸೊನ್ನೆ ಹುಟ್ಟಿದ್ದು ಇಲ್ಲೇ. ಕಂಪ್ಯೂಟರಿನ ತಪ್ಪೇನಿಲ್ಲ, ನಾವು ಕೇಳಿದ ಪ್ರಶ್ನೆಯೇ ಬೇರೆ ಲೋಕದ್ದು.

ಇದನ್ನು ಸರಿಮಾಡಲು ಒಂದು ಸಾಲಿನ ಉಪಾಯ ಇದೆ, ಕೊನೆಯಲ್ಲಿ ಕೊಡುತ್ತೇನೆ. ಆದರೆ ಉಪಾಯ ಮಾತ್ರ ಉರು ಹೊಡೆದರೆ ಘಾತಾಂಕ ಬಂದಾಗ ಮತ್ತೆ ಎಡವುತ್ತೀರಿ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೋಗೋಣ.

"ಶೇಷ" ಅನ್ನುವ ಮಾತನ್ನು ಕೊಂಚ ಹೊತ್ತು ಪಕ್ಕಕ್ಕಿಡಿ. ಗೊಂದಲದ ಮುಕ್ಕಾಲು ಪಾಲು ಆ ಮಾತಿನಿಂದಲೇ ಬರುತ್ತದೆ ಅನ್ನುವುದು ನನ್ನ ಅನುಭವ. ಶೇಷ ಅಂದ ಕೂಡಲೇ ಭಾಗಿಸಿದ ಮೇಲೆ ಉಳಿದ ಒಂದು ಚೂರು ಅಂತ ಮನಸ್ಸಿಗೆ ಬರುತ್ತದೆ. 7ರ ಲೆಕ್ಕದಲ್ಲಿ 3 ಅಂದರೆ ಒಂಟಿ ಸಂಖ್ಯೆಯಲ್ಲ. ಅದರ ಹಿಂದೆ ಒಂದು ಬಳಗವೇ ಇದೆ: …, −11, −4, 3, 10, 17, 24, … ಹೀಗೆ ಎರಡೂ ಕಡೆ ಕೊನೆಯಿಲ್ಲದೆ, ಒಂದರಿಂದ ಇನ್ನೊಂದಕ್ಕೆ 7ರ ಅಂತರ. ಇಂಥ ಬಳಗಗಳು ಒಟ್ಟು ಏಳು. ಎಲ್ಲಾ ಪೂರ್ಣಾಂಕಗಳೂ ಈ ಏಳರಲ್ಲಿ ಎಲ್ಲೋ ಒಂದು ಕಡೆ ಇದ್ದೇ ಇರುತ್ತವೆ. 0ಯಿಂದ 6ರವರೆಗಿನ ಸಂಖ್ಯೆಗಳು ಆ ಬಳಗಗಳ ಪರವಾಗಿ ಮುಂದೆ ಬಂದು ನಿಂತ ಪ್ರತಿನಿಧಿಗಳು, ಅಷ್ಟೇ. 17 ಮತ್ತು 3 ಒಂದೇ ಬಳಗದವು ಅನ್ನುವುದನ್ನು 17 ≡ 3 (ಮಾಡ್ 7) ಅಂತ ಬರೆಯುತ್ತಾರೆ. ಮೂರು ಗೆರೆಯ ಈ ಚಿಹ್ನೆಯನ್ನು ಬಳಕೆಗೆ ತಂದವನು ಗಣಿತಜ್ಞ ಗೌಸ್, 1801ರಲ್ಲಿ ಪ್ರಕಟವಾದ ತನ್ನ ಸಂಖ್ಯಾಶಾಸ್ತ್ರದ ಪುಸ್ತಕದಲ್ಲಿ. ಆಗ ಅವನಿಗೆ 24 ವರ್ಷ. ಸಮ ಚಿಹ್ನೆಯನ್ನೇ ಹೋಲುವಂತೆ ಅದನ್ನು ಆರಿಸಿಕೊಂಡದ್ದು ಸುಮ್ನೆ ಅಲ್ಲ. ಹಲವು ವಿಷಯಗಳಲ್ಲಿ ಅದು ಸಮ ಚಿಹ್ನೆಯ ಹಾಗೇ ನಡೆದುಕೊಳ್ಳುತ್ತದೆ, ಒಂದೆರಡು ಕಡೆ ಮಾತ್ರ ಇಲ್ಲ. ನಿಮ್ಮ ಪ್ರಶ್ನೆ ಇರುವುದು ಆ ಒಂದೆರಡು ಕಡೆಯ ಬಗ್ಗೆಯೇ.

ಈಗ ಪರೀಕ್ಷೆ. ಯಾವುದೇ ಲೆಕ್ಕ ಈ ಲೋಕದಲ್ಲಿ ನಡೆಯುತ್ತದೋ ಇಲ್ಲವೋ ಅಂತ ತಿಳಿಯಲು ಒಂದೇ ಪ್ರಶ್ನೆ ಕೇಳಿ: ಬಳಗದಿಂದ ಯಾರನ್ನು ಕಳಿಸಿದರೂ ಉತ್ತರ ಅದೇ ಬಳಗಕ್ಕೆ ಬಂದು ಸೇರುತ್ತದಾ? 3ರ ಬದಲು 10 ಹೋದರೂ, 17 ಹೋದರೂ, −4 ಹೋದರೂ? ಹೌದಾದರೆ ಪ್ರತಿ ಹಂತದಲ್ಲೂ ಧೈರ್ಯವಾಗಿ ಶೇಷ ತೆಗೆಯಿರಿ. ಇಲ್ಲವಾದರೆ ಅದನ್ನು ಮುಟ್ಟಬೇಡಿ. ಇದೊಂದನ್ನು ಕೈಯಲ್ಲಿ ಹಿಡಿದುಕೊಂಡರೆ ಉಳಿದದ್ದನ್ನೆಲ್ಲ ನೀವೇ ಕಂಡುಹಿಡಿಯಬಹುದು.

ಕೂಡುವುದನ್ನು ನೋಡಿ. 17 + 12 = 29, ಅದು 1ರ ಬಳಗ. ಬದಲಿಗೆ ಪ್ರತಿನಿಧಿಗಳನ್ನು ಕಳಿಸಿದರೆ 3 + 5 = 8, ಅದೂ 1ರ ಬಳಗ. 17 ಅಂದರೆ 3 ಮತ್ತು ಮೇಲೆ ಎರಡು ಏಳು. 12 ಅಂದರೆ 5 ಮತ್ತು ಮೇಲೆ ಒಂದು ಏಳು. ಕೂಡಿದಾಗ ಮೇಲಿನ ಏಳುಗಳು ಏಳುಗಳಾಗಿಯೇ ಉಳಿಯುತ್ತವೆ, ಬಳಗ ಬದಲಾಗುವುದಿಲ್ಲ. ಗುಣಾಕಾರ ಇದಕ್ಕಿಂತ ಚೆಂದ. (3 + 14) × (5 + 7) ಬಿಡಿಸಿದರೆ 15 + 21 + 70 + 98. ಮೊದಲನೆಯದು ಬಿಟ್ಟು ಉಳಿದ ಮೂರೂ 7ರ ಮಗ್ಗಿಯಲ್ಲೇ ಇವೆ, ಯಾಕೆಂದರೆ ಆ ಪ್ರತಿಯೊಂದರಲ್ಲೂ ಒಂದು ಕಡೆಯಿಂದಾದರೂ ಏಳು ಬಂದು ಸೇರಿಕೊಂಡಿದೆ. ಆದ್ದರಿಂದ ಬಳಗವನ್ನು ನಿರ್ಧರಿಸುವುದು 15 ಒಂದೇ. 17 × 12 = 204, 204 ಅಂದರೆ 203 + 1, 203 ಅಂದರೆ 29 ಏಳು. ಶೇಷ 1. 15ರ ಶೇಷವೂ 1.

ಕಳೆಯುವುದೂ ಹೀಗೇ, ಯಾವ ತೊಂದರೆಯೂ ಇಲ್ಲ. ನಿಮಗೆ ಮೈನಸ್ ಬಂತು ಅಂದಿರಲ್ಲ, ಅಲ್ಲಿ ಲೆಕ್ಕ ತಪ್ಪಿಲ್ಲ. 3 − 5 = −2, ಅದು 5ರ ಬಳಗದ್ದೇ, ಬೇರೆ ಪ್ರತಿನಿಧಿ ಬಂದು ನಿಂತಿದ್ದಾನೆ ಅಷ್ಟೇ. ಆದರೆ ಯಾವ ಪ್ರತಿನಿಧಿಯನ್ನು ಕಳಿಸಬೇಕು ಅನ್ನುವುದರಲ್ಲಿ ಪ್ರೋಗ್ರಾಮಿಂಗ್ ಭಾಷೆಗಳಿಗೆ ಒಮ್ಮತ ಇಲ್ಲ. ಸಿ, ಸಿ++, ಜಾವಾಗಳಲ್ಲಿ −2 % 7 (% ಅಂದರೆ ಶೇಷ ತೆಗೆಯುವ ಚಿಹ್ನೆ) ಅಂತ ಕೇಳಿದರೆ −2 ಬರುತ್ತದೆ. ಪೈಥಾನ್ 5 ಕೊಡುತ್ತದೆ. ಸಿ ಭಾಷೆ ಭಾಗಲಬ್ಧವನ್ನು ಸೊನ್ನೆಯ ಕಡೆಗೆ ಮೊಟಕು ಮಾಡುತ್ತದೆ, ಪೈಥಾನ್ ಕೆಳಗಿನ ಪೂರ್ಣಾಂಕಕ್ಕೆ ಇಳಿಸುತ್ತದೆ. ವ್ಯತ್ಯಾಸ ಅಷ್ಟೇ. ಪರಿಹಾರ ಸುಲಭ: ಕಳೆದ ಮೇಲೆ ಒಮ್ಮೆ 7 ಕೂಡಿಸಿ, ಮತ್ತೆ ಶೇಷ ತೆಗೆಯಿರಿ. ಇದನ್ನು ಮರೆತರೆ ಎಲ್ಲೆಲ್ಲಿ ಏಟು ಬೀಳುತ್ತದೆ ಗೊತ್ತಾ? ಎರಡು ಉತ್ತರ ಒಂದೇನಾ ಅಂತ ಹೋಲಿಸುವಾಗ −2 ಮತ್ತು 5 ಬೇರೆ ಬೇರೆ ಅಂತ ಬರುತ್ತದೆ. ಸಿ ಭಾಷೆಯಲ್ಲಿ ಒಂದು ಸಂಖ್ಯೆ ಬೆಸವೋ ಅಂತ ನೋಡಲು 2ರಿಂದ ಭಾಗಿಸಿ ಶೇಷ 1 ಇದೆಯಾ ಅಂತ ಕೇಳಿದರೆ −3ರ ವಿಷಯದಲ್ಲಿ ಇಲ್ಲ ಅನ್ನುತ್ತದೆ, ಯಾಕೆಂದರೆ ಅಲ್ಲಿ ಬರುವುದು −1. ಶೇಷ 0 ಅಲ್ಲ ತಾನೇ ಅಂತ ಕೇಳುವುದು ಕ್ಷೇಮ.

ಮೈನಸ್ ಪ್ರತಿನಿಧಿಯನ್ನು ಬೇಕಂತಲೇ ಕರೆಸಿಕೊಂಡರೆ ಲಾಭವೂ ಇದೆ. 6¹⁰⁰ನ್ನು 7ರಿಂದ ಭಾಗಿಸಿದರೆ ಶೇಷ ಎಷ್ಟು? 6ರ ಬದಲು −1 ಕಳಿಸಿ. (−1)¹⁰⁰ = 1. ಮುಗಿಯಿತು. ಅಂಕಿಗಳನ್ನು ಕೂಡಿ 9ರಿಂದ ಭಾಗವಾಗುತ್ತದಾ ಅಂತ ನೋಡುವ ಶಾಲೆಯ ಉಪಾಯ ಇದೆಯಲ್ಲ, ಅದೂ ಪ್ರತಿನಿಧಿ ಬದಲಾಯಿಸುವ ಆಟವೇ: 9ರ ಲೆಕ್ಕದಲ್ಲಿ 10 ಅಂದರೆ 1, ಹಾಗಾಗಿ 100, 1000 ಎಲ್ಲವೂ 1. 11ರ ಲೆಕ್ಕದಲ್ಲಿ 10 ಅಂದರೆ −1, ಅದಕ್ಕೇ ಅಲ್ಲಿ ಅಂಕಿಗಳನ್ನು ಒಂದು ಬಿಟ್ಟು ಒಂದು ಕೂಡಿ ಕಳೆಯುವುದು.

ಪರೀಕ್ಷೆಯಲ್ಲಿ ಸೋಲುವವನ್ನೂ ನೋಡಬೇಕಲ್ಲ. "ದೊಡ್ಡದು, ಚಿಕ್ಕದು" ಸೋಲುತ್ತದೆ. 5 ದೊಡ್ಡದೋ 3 ದೊಡ್ಡದೋ? 3ರ ಬದಲು 10 ಬಂದರೆ ಉತ್ತರ ತಿರುಗುಮುರುಗು. ಶೇಷ ತೆಗೆದ ಎರಡು ಸಂಖ್ಯೆಗಳಲ್ಲಿ ಗರಿಷ್ಠ ಯಾವುದು ಅಂತ ಕೇಳುವ ಕೋಡ್ ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಅದು ಸಣ್ಣ ಉದಾಹರಣೆಗಳಲ್ಲಿ ಸರಿ ಬರುತ್ತದೆ, ಸಂಖ್ಯೆ ಒಮ್ಮೆ 1000000007 ದಾಟಿದ ಮೇಲೆ ಕೆಟ್ಟುಹೋಗುತ್ತದೆ, ಹಾಗಾಗಿ ಹುಡುಕುವುದೂ ಕಷ್ಟ. ಸಮ-ಬೆಸವೂ 7ರ ಲೆಕ್ಕದಲ್ಲಿ ಸೋಲುತ್ತದೆ. 3 ಬೆಸ, 10 ಸಮ, ಆದರೆ ಇಬ್ಬರೂ ಒಂದೇ ಬಳಗದವರು. 10ರ ಲೆಕ್ಕದಲ್ಲಾದರೆ ಗೆಲ್ಲುತ್ತದೆ, 10ರಲ್ಲಿ 2 ಸೇರಿಕೊಂಡಿದೆಯಲ್ಲ.

ಇನ್ನು ಭಾಗಾಕಾರ. ಇಲ್ಲಿ ಸ್ವಲ್ಪ ಹೊತ್ತು ಕೂತು ನೋಡಬೇಕು. 20 ÷ 4 = 5. ಪ್ರತಿನಿಧಿಗಳನ್ನು ಕಳಿಸಿದರೆ 20ರ ಬದಲು 6, ಹಾಗಾಗಿ 6 ÷ 4. ಅದು ಪೂರ್ಣಾಂಕವೇ ಅಲ್ಲ. ಪರೀಕ್ಷೆಯಲ್ಲಿ ಸೋತಿತು ಅಂತ ಬಿಟ್ಟುಬಿಡೋಣವೇ? ಬೇಡ. ಭಾಗಾಕಾರ ಅಂದರೆ ಸಮನಾಗಿ ಹಂಚುವುದು ಅಂತ ಕಲಿತಿದ್ದೇವೆ, ಅದು ಇಲ್ಲಿ ಅರ್ಥವಿಲ್ಲದ್ದು, ಏಳು ಬಳಗಗಳ ಲೋಕದಲ್ಲಿ ಅರ್ಧ ಕಾಲು ಅನ್ನುವ ಚೂರುಗಳಿಲ್ಲ. ಆದರೆ ಭಾಗಾಕಾರಕ್ಕೆ ಇನ್ನೊಂದು ಅರ್ಥವೂ ಇದೆ: 4ನ್ನು ಯಾವುದರಿಂದ ಗುಣಿಸಿದರೆ 6 ಬರುತ್ತದೆ? ಇದು ಗುಣಾಕಾರದ ಪ್ರಶ್ನೆ, ಮತ್ತು ಗುಣಾಕಾರ ಪರೀಕ್ಷೆಯಲ್ಲಿ ಆಗಲೇ ಗೆದ್ದಿದೆ.

ಹಾಗಾದರೆ 4ರ ಮಗ್ಗಿಯನ್ನು 7ರ ಲೆಕ್ಕದಲ್ಲಿ ಬರೆಯಿರಿ. ಓದಿಕೊಂಡು ಮುಂದೆ ಹೋಗಬೇಡಿ, ನಿಜವಾಗಿಯೂ ಕಾಗದದ ಮೇಲೆ ಬರೆಯಿರಿ. 4 × 0 = 0. 4 × 1 = 4. 4 × 2 = 8, ಅಂದರೆ 1. 4 × 3 = 12, ಅಂದರೆ 5. 4 × 4 = 16, ಅಂದರೆ 2. 4 × 5 = 20, ಅಂದರೆ 6. 4 × 6 = 24, ಅಂದರೆ 3. ಸಾಲಾಗಿ ಇಟ್ಟರೆ 0, 4, 1, 5, 2, 6, 3. ಏಳೂ ಬಳಗಗಳು ಬಂದವು, ಒಂದೊಂದು ಒಂದೇ ಸಲ. ಅಂದರೆ 4ರಿಂದ ಯಾವುದನ್ನು ಭಾಗಿಸಿ ಅಂದರೂ ಉತ್ತರ ಇದೆ, ಮತ್ತು ಒಂದೇ ಒಂದು ಇದೆ. 6 ÷ 4 ಎಷ್ಟು? ಮಗ್ಗಿಯಲ್ಲಿ 6 ಬಂದದ್ದು 5ರ ಎದುರು. ಉತ್ತರ 5. 20 ÷ 4 ಕೂಡ 5 ಆಗಿತ್ತು, ಅಲ್ವಾ?

ಈಗ ಅದೇ 4ರ ಮಗ್ಗಿಯನ್ನು 6ರ ಲೆಕ್ಕದಲ್ಲಿ ಬರೆದು ನೋಡಿ: 0, 4, 2, 0, 4, 2. ಚಿತ್ರವೇ ಬೇರೆ. 1, 3, 5 ಬರುವುದೇ ಇಲ್ಲ. ಹಾಗಾಗಿ 1 ÷ 4ಕ್ಕೆ ಉತ್ತರವಿಲ್ಲ. 2 ÷ 4ಕ್ಕೆ ಎರಡು ಉತ್ತರ, 2 ಮತ್ತು 5. ಜೊತೆಗೆ 4 × 3 ≡ 0, ಅಂದರೆ ಸೊನ್ನೆಯಲ್ಲದ ಎರಡು ಸಂಖ್ಯೆಗಳನ್ನು ಗುಣಿಸಿದರೆ ಸೊನ್ನೆ. ಇಂಥ ಕಡೆ ಎರಡೂ ಬದಿಯ 4ನ್ನು ಹೊಡೆದುಹಾಕುವುದು ದೊಡ್ಡ ತಪ್ಪು. 4 × 2 ≡ 4 × 5 (ಮಾಡ್ 6) ಸರಿ, ಆದರೆ 2 ≡ 5 (ಮಾಡ್ 6) ಸುಳ್ಳು. 4 ಹೊಡೆಯಲೇಬೇಕು ಅಂದರೆ 6ನ್ನೂ ಕುಗ್ಗಿಸಬೇಕು: 4 ಮತ್ತು 6ರ ಮ.ಸಾ.ಅ. 2, 6ನ್ನು ಅದರಿಂದ ಭಾಗಿಸಿದರೆ 3, ಆಗ 2 ≡ 5 (ಮಾಡ್ 3) ನಿಜವಾಗುತ್ತದೆ.

7ರಲ್ಲಿ ನಡೆದದ್ದು 6ರಲ್ಲಿ ಯಾಕೆ ನಡೆಯಲಿಲ್ಲ? ಮಗ್ಗಿಯಲ್ಲಿ ಎರಡು ಕಡೆ ಒಂದೇ ಬಳಗ ಬಂತು ಅಂದುಕೊಳ್ಳಿ. ಆಗ ಆ ಎರಡು ಸ್ಥಾನಗಳ ವ್ಯತ್ಯಾಸವನ್ನು 4ರಿಂದ ಗುಣಿಸಿದರೆ 7ರ ಗುಣಕ ಸಿಗಬೇಕು. 4ರಲ್ಲಿ 7 ಇಲ್ಲ, ಮತ್ತು 7 ಅವಿಭಾಜ್ಯ, ಅದನ್ನು ಒಡೆದು ಸ್ವಲ್ಪ 4ರಲ್ಲಿ, ಸ್ವಲ್ಪ ವ್ಯತ್ಯಾಸದಲ್ಲಿ ಬಚ್ಚಿಡೋಕೆ ಆಗಲ್ಲ. ಹಾಗಾಗಿ ಇಡೀ 7 ವ್ಯತ್ಯಾಸದಲ್ಲೇ ಇರಬೇಕು. ಆದರೆ 0ಯಿಂದ 6ರ ನಡುವಿನ ಬೇರೆ ಬೇರೆ ಸ್ಥಾನಗಳ ವ್ಯತ್ಯಾಸ 7ಕ್ಕಿಂತ ಕಡಿಮೆ. ಆದ್ದರಿಂದ ಒಂದೇ ಬಳಗ ಎರಡು ಸಲ ಬರುವುದು ಅಸಾಧ್ಯ. ಏಳು ಸ್ಥಾನ, ಏಳು ಬಳಗ, ಮರುಕಳಿಕೆ ಇಲ್ಲ, ಎಲ್ಲರೂ ಒಂದೊಂದು ಸಲ ಬರಲೇಬೇಕು. 6 ಮಾತ್ರ 2 × 3 ಅಂತ ಒಡೆಯುತ್ತದೆ, ಅದರ 2 ಆಗಲೇ 4ರಲ್ಲಿದೆ, ಉಳಿದ 3 ವ್ಯತ್ಯಾಸದಲ್ಲಿದ್ದರೆ ಸಾಕು. ಅದಕ್ಕೇ ಮೂರು ಹೆಜ್ಜೆಗೊಮ್ಮೆ ಮಗ್ಗಿ ಮರುಕಳಿಸಿತು. ಶೇಷ ತೆಗೆಯಲು ಇಟ್ಟುಕೊಂಡ 7, 6ರಂಥ ಸಂಖ್ಯೆಗೆ ಮಾಡ್ಯುಲಸ್ ಅನ್ನುತ್ತಾರೆ. ನಿಯಮ ಇಷ್ಟು: ಭಾಗಿಸುವ ಸಂಖ್ಯೆಗೂ ಮಾಡ್ಯುಲಸ್‌ಗೂ ಮ.ಸಾ.ಅ. 1 ಆಗಿದ್ದರೆ ಭಾಗಿಸಬಹುದು, ಇಲ್ಲದಿದ್ದರೆ ಇಲ್ಲ. ಮಾಡ್ಯುಲಸ್ ಅವಿಭಾಜ್ಯವಾಗಿದ್ದರೆ ಸೊನ್ನೆ ಬಿಟ್ಟು ಎಲ್ಲದರಿಂದಲೂ ಭಾಗಿಸಬಹುದು. 1000000007 ಅವಿಭಾಜ್ಯ, ಅದನ್ನು ಆರಿಸಿಕೊಂಡಿರುವ ಒಂದು ದೊಡ್ಡ ಕಾರಣ ಇದೇ.

ಇದು ಬರೀ ಕಾಗದದ ಮೇಲಿನ ಸೂಕ್ಷ್ಮ ಅಂದುಕೊಳ್ಳಬೇಡಿ. ಪುಸ್ತಕಗಳ ಹಿಂಬದಿಯ ಐಎಸ್‌ಬಿಎನ್ ಹಿಂದೆ 10 ಅಂಕಿಯದಿತ್ತು. ಅಂಕಿಗಳನ್ನು ಕ್ರಮವಾಗಿ 10, 9, 8 ಹೀಗೆ 1ರವರೆಗೆ ಗುಣಿಸಿ ಕೂಡಿದರೆ ಮೊತ್ತ 11ರಿಂದ ಭಾಗವಾಗಬೇಕು. 11 ಅವಿಭಾಜ್ಯ. ಅಂಕಿಗಳನ್ನು ಬರೆಯುವಾಗ ಪಕ್ಕಪಕ್ಕದ ಎರಡು ಬೇರೆ ಅಂಕಿಗಳನ್ನು ಅದಲುಬದಲು ಮಾಡಿದರೆ ಮೊತ್ತ ಆ ಅಂಕಿಗಳ ವ್ಯತ್ಯಾಸದಷ್ಟು ಬದಲಾಗುತ್ತದೆ. ಆ ವ್ಯತ್ಯಾಸ 11ಕ್ಕಿಂತ ಕಡಿಮೆ, ಸೊನ್ನೆಯಲ್ಲ, ಹಾಗಾಗಿ ತಪ್ಪು ಸಿಕ್ಕಿಬೀಳುತ್ತದೆ. ದೂರದೂರದ ಎರಡು ಅಂಕಿಗಳು ಅದಲುಬದಲಾದರೂ ಸಿಕ್ಕಿಬೀಳುತ್ತದೆ, ಅವಿಭಾಜ್ಯದ ಲೆಕ್ಕದಲ್ಲಿ ಸೊನ್ನೆಯಲ್ಲದ ಎರಡನ್ನು ಗುಣಿಸಿದರೆ ಸೊನ್ನೆ ಬರುವುದಿಲ್ಲವಲ್ಲ. ಆದರೆ ಕೊನೆಯ ಅಂಕಿ ಒಮ್ಮೊಮ್ಮೆ 10 ಆಗಬೇಕಾಗುತ್ತಿತ್ತು, ಆಗ ಎಕ್ಸ್ ಅಕ್ಷರ ಹಾಕುತ್ತಿದ್ದರು. 2007ರಿಂದ 13 ಅಂಕಿಯದು ಬಂತು. ಅದರಲ್ಲಿ 1 ಮತ್ತು 3ರಿಂದ ಸರದಿಯಂತೆ ಗುಣಿಸಿ ಕೂಡಿದ ಮೊತ್ತ 10ರಿಂದ ಭಾಗವಾಗಬೇಕು. ಅಕ್ಷರದ ಕಾಟ ತಪ್ಪಿತು, ಆದರೆ ಪಕ್ಕದ ಅಂಕಿಗಳು ಅದಲುಬದಲಾದರೆ ಮೊತ್ತ ಬದಲಾಗುವುದು ಅವುಗಳ ವ್ಯತ್ಯಾಸದ ಎರಡರಷ್ಟು. ವ್ಯತ್ಯಾಸ 5 ಆಗಿದ್ದರೆ? 2 × 5 ≡ 0 (ಮಾಡ್ 10). 16 ಬರೆಯುವ ಕಡೆ 61 ಬರೆದರೂ ಪರೀಕ್ಷೆ ಸುಮ್ಮನೆ ಪಾಸ್ ಮಾಡುತ್ತದೆ. 6ರ ಲೆಕ್ಕದಲ್ಲಿ 4 × 3 ಸೊನ್ನೆಯಾದದ್ದನ್ನು ನೋಡಿದಿರಲ್ಲ, ಅದೇ ಜಾತಿಯ ತೊಂದರೆ.

ಸರಿ, ಭಾಗಿಸಬಹುದು ಅಂತಾಯಿತು. 1000000007 ಸಾಲಿನ ಮಗ್ಗಿ ಬರೆಯೋಕೆ ಆಗುತ್ತದಾ? ಆಗಲ್ಲ, ಬೇಕಾಗಿಯೂ ಇಲ್ಲ. 4ರ ಮಗ್ಗಿಯಲ್ಲಿ 1 ಬಂದದ್ದು 2ರ ಎದುರು. 2ನ್ನು 4ರ ವಿಲೋಮ ಅನ್ನುತ್ತಾರೆ. ವಿಲೋಮ ಒಂದು ಸಿಕ್ಕರೆ 4ರಿಂದ ಭಾಗಿಸುವುದೂ 2ರಿಂದ ಗುಣಿಸುವುದೂ ಒಂದೇ: 6 × 2 = 12 ≡ 5, ಮೊದಲಿನ ಉತ್ತರವೇ. ಹಾಗಾದರೆ ಬೇಕಿರುವುದು ವಿಲೋಮ ಹುಡುಕುವ ದಾರಿ. ಎರಡು ದಾರಿಗಳಿವೆ.

ಮೊದಲನೆಯದು ಮ.ಸಾ.ಅ. ಕಂಡುಹಿಡಿಯುವ ಹಳೆಯ ಭಾಗಾಕಾರವನ್ನೇ ಹಿಂದಕ್ಕೆ ಬಿಚ್ಚುವುದು. 43ರ ಲೆಕ್ಕದಲ್ಲಿ 17ರ ವಿಲೋಮ ಬೇಕು ಅನ್ನಿ. 43ರಲ್ಲಿ ಎರಡು 17 ಹೋಗಿ 9 ಉಳಿಯುತ್ತದೆ. 17ರಲ್ಲಿ ಒಂದು 9 ಹೋಗಿ 8. 9ರಲ್ಲಿ ಒಂದು 8 ಹೋಗಿ 1. ಈಗ ಹಿಂದಕ್ಕೆ ಬನ್ನಿ. 1 = 9 − 8. ಆ 8ರ ಜಾಗದಲ್ಲಿ 17 − 9 ಹಾಕಿದರೆ 1 = 2 × 9 − 17. ಆ 9ರ ಜಾಗದಲ್ಲಿ 43 − 2 × 17 ಹಾಕಿದರೆ 1 = 2 × 43 − 5 × 17. 43ರ ಲೆಕ್ಕದಲ್ಲಿ 43 ಅಂದರೆ ಸೊನ್ನೆ, ಹಾಗಾಗಿ 17ರ ವಿಲೋಮ −5, ಅಂದರೆ 38. ತಾಳೆ ನೋಡಿ: 17 × 38 = 646 = 15 × 43 + 1. ಆರ್ಯಭಟ 499ರಲ್ಲಿ ಬರೆದ ಕುಟ್ಟಕದ ಜೀವಾಳವೂ ಇದೇ, ದೊಡ್ಡ ಸಂಖ್ಯೆಗಳನ್ನು ಪದೇ ಪದೇ ಭಾಗಿಸಿ ಕುಟ್ಟಿ ಕುಟ್ಟಿ ಸಣ್ಣದು ಮಾಡುವುದು. ಹೆಸರಲ್ಲೇ ವಿಧಾನ ಇದೆ, ನನಗೆ ಈ ಹೆಸರು ಬಹಳ ಇಷ್ಟ. ಈ ದಾರಿ ಮಾಡ್ಯುಲಸ್ ಅವಿಭಾಜ್ಯವಾಗಿಲ್ಲದಿದ್ದರೂ ನಡೆಯುತ್ತದೆ, ಮ.ಸಾ.ಅ. 1 ಆಗಿದ್ದರೆ ಸಾಕು.

ಎರಡನೆಯದು ಅವಿಭಾಜ್ಯಕ್ಕೆ ಮಾತ್ರ, ಆದರೆ ಕೋಡ್ ಬರೆಯಲು ಸುಲಭ. 4ರ ಮಗ್ಗಿಗೆ ಮತ್ತೆ ಹೋಗಿ. ಸೊನ್ನೆ ಬಿಟ್ಟರೆ 4, 1, 5, 2, 6, 3. ಇವು 1ರಿಂದ 6ರವರೆಗಿನ ಸಂಖ್ಯೆಗಳೇ, ಸಾಲು ಬದಲಾಗಿದೆ ಅಷ್ಟೇ. ಹಾಗಾದರೆ ಎಲ್ಲವನ್ನೂ ಗುಣಿಸಿದರೆ 6! ಬರಬೇಕು. ಇನ್ನೊಂದು ಕಡೆಯಿಂದ ನೋಡಿದರೆ ಅವು 4×1, 4×2, …, 4×6, ಗುಣಿಸಿದರೆ 4⁶ × 6!. ಎರಡೂ ಒಂದೇ ಬಳಗ. 6!ರಲ್ಲಿ 7 ಇಲ್ಲ, ಅದನ್ನು ಎರಡೂ ಬದಿಯಿಂದ ಧೈರ್ಯವಾಗಿ ಹೊಡೆಯಬಹುದು. ಉಳಿದದ್ದು 4⁶ ≡ 1. ನೋಡಿ, 4096 = 585 × 7 + 1. ಇದು ಫರ್ಮಾನ ಪ್ರಮೇಯ. 1640ರಲ್ಲಿ ಒಂದು ಪತ್ರದಲ್ಲಿ ಅವನು ಇದನ್ನು ಬರೆದ, ಸಾಧನೆ ಕೊಡಲಿಲ್ಲ. ಸಾಧನೆಯನ್ನು ಮೊದಲು ಪ್ರಕಟಿಸಿದ್ದು ಆಯ್ಲರ್, ಸುಮಾರು ನೂರು ವರ್ಷಗಳ ನಂತರ. 4⁶ ಅಂದರೆ 4 × 4⁵, ಅದು 1 ಅಂದ ಮೇಲೆ 4ರ ವಿಲೋಮ 4⁵. ಹಾಗೇ 1000000007ರ ಲೆಕ್ಕದಲ್ಲಿ ಯಾವುದೇ ಸಂಖ್ಯೆಯ ವಿಲೋಮ ಅಂದರೆ ಅದರ 1000000005ನೇ ಘಾತ. ಅಷ್ಟು ಸಲ ಗುಣಿಸಬೇಕಾಗಿಲ್ಲ. ವರ್ಗ, ಅದರ ವರ್ಗ, ಮತ್ತೆ ಅದರ ವರ್ಗ ಅಂತ ಹೋಗುತ್ತಾ ಬೇಕಾದವನ್ನು ಮಾತ್ರ ಗುಣಿಸಿಕೊಂಡರೆ 60ಕ್ಕಿಂತ ಕಡಿಮೆ ಗುಣಾಕಾರದಲ್ಲಿ ಮುಗಿಯುತ್ತದೆ.

ಈಗ ಘಾತಾಂಕದ ಜಗಳ ತಾನಾಗಿಯೇ ಬಗೆಹರಿಯುತ್ತದೆ. ಪರೀಕ್ಷೆ ಹಾಕಿ. ಘಾತಾಂಕದ ಜಾಗಕ್ಕೆ 3 ಮತ್ತು 10ನ್ನು ಕಳಿಸಿ. 2³ = 8 ≡ 1. 2¹⁰ = 1024 ≡ 2. ಒಂದೇ ಬಳಗದವರು ಹೋದರು, ಬೇರೆ ಬೇರೆ ಉತ್ತರ ಬಂತು. ಸೋಲು. ಘಾತಾಂಕ ಈ ಏಳು ಬಳಗಗಳ ಲೋಕದ್ದೇ ಅಲ್ಲ, ಅದು ಎಷ್ಟು ಸಲ ಗುಣಿಸಬೇಕು ಅನ್ನುವ ಎಣಿಕೆ. ಎಣಿಕೆಗೆ ಅದರದ್ದೇ ಸುತ್ತು ಇದೆ, ಮತ್ತು ಫರ್ಮಾ ಹೇಳಿದಂತೆ 6 ಸಲಕ್ಕೆ ಮತ್ತೆ 1ಕ್ಕೆ ಬರುತ್ತೇವೆ. ಹಾಗಾಗಿ ಘಾತಾಂಕಕ್ಕೆ ಶೇಷ ತೆಗೆಯಬಹುದು, ಆದರೆ 7ರಿಂದಲ್ಲ, 6ರಿಂದ. 10ನ್ನು 6ರಿಂದ ಭಾಗಿಸಿದರೆ 4, 2⁴ = 16 ≡ 2. ಸರಿ ಬಂತು. ನಿಮಗೆ ಹೇಳಿದ ಇಬ್ಬರೂ ಅರ್ಧರ್ಧ ಸರಿ. ಘಾತದ ಮೇಲೆ ಘಾತ ಇರುವ ಲೆಕ್ಕ ಬಂದರೆ ಕೆಳಗಿನದಕ್ಕೆ 1000000007, ಮೇಲಿನದಕ್ಕೆ 1000000006. ಆಧಾರ ಸಂಖ್ಯೆ ಮಾತ್ರ ಸೊನ್ನೆಯ ಬಳಗದ್ದಾಗಿರಬಾರದು.

ಅವಿಭಾಜ್ಯವಲ್ಲದ ಕಡೆ ಇನ್ನೂ ಎಚ್ಚರ ಬೇಕು. 10ರ ಲೆಕ್ಕದಲ್ಲಿ 7ರ ಘಾತಗಳು 7, 9, 3, 1, ನಾಲ್ಕಕ್ಕೊಂದು ಸುತ್ತು. ಹಾಗಾಗಿ 7¹⁰⁰ರ ಕೊನೆಯ ಅಂಕಿ 1. ಅದೇ 2ರ ಘಾತಗಳು 2, 4, 8, 6, 2, 4… ಸುತ್ತು ನಾಲ್ಕೇ, ಆದರೆ 1 ಬರುವುದೇ ಇಲ್ಲ. ಅಲ್ಲಿ 2⁴ನ್ನು 2⁰ ಅಂದುಕೊಂಡರೆ 6ರ ಬದಲು 1 ಬರೆಯುತ್ತೀರಿ. ಎರಡು ಬೇರೆ ಬೇರೆ ಅವಿಭಾಜ್ಯಗಳ ಗುಣಲಬ್ಧವೇ ಮಾಡ್ಯುಲಸ್ ಆಗಿದ್ದರೆ, ಎರಡರಿಂದಲೂ ಒಂದೊಂದು ಕಳೆದು ಗುಣಿಸಿದರೆ ಘಾತಾಂಕದ ಸುತ್ತು ಸಿಗುತ್ತದೆ: 10ಕ್ಕೆ (2 − 1) × (5 − 1) = 4. ಅವಿಭಾಜ್ಯಗಳು ಗೊತ್ತಿದ್ದವರಿಗೆ ಇದು ಕ್ಷಣದ ಕೆಲಸ, ಬರೀ ಗುಣಲಬ್ಧ ಗೊತ್ತಿದ್ದವರಿಗೆ ಅದನ್ನು ಒಡೆಯುವುದೇ ದೊಡ್ಡ ಕಷ್ಟ. 1977ರಲ್ಲಿ ರಿವೆಸ್ಟ್, ಶಮೀರ್, ಆಡ್ಲ್‌ಮನ್ ರೂಪಿಸಿದ ಆರ್‌ಎಸ್‌ಎ ಗೂಢಲಿಪಿ ನಿಂತಿರುವುದು ಈ ಕಷ್ಟದ ಮೇಲೆಯೇ.

ಇನ್ನು ನಿಮ್ಮ ಪ್ರೋಗ್ರಾಂ. ಪ್ರತಿ ಗುಣಾಕಾರದ ನಂತರವೂ ಶೇಷ ತೆಗೆಯಿರಿ, ಮೂರು ಸಂಖ್ಯೆ ಒಟ್ಟಿಗೆ ಗುಣಿಸಿ ಆಮೇಲೆ ತೆಗೆಯೋಣ ಅಂದುಕೊಳ್ಳಬೇಡಿ. 1000000007ಕ್ಕಿಂತ ಕಡಿಮೆಯ ಎರಡು ಸಂಖ್ಯೆಗಳ ಗುಣಲಬ್ಧ ಸುಮಾರು 10¹⁸ರ ತನಕ ಹೋಗುತ್ತದೆ. 64 ಬಿಟ್ ಪೂರ್ಣಾಂಕದಲ್ಲಿ ಸುಮಾರು 9.22 × 10¹⁸ರ ತನಕ ಜಾಗ ಇದೆ, ಎರಡು ಹಿಡಿಸುತ್ತದೆ, ಮೂರು ಹಿಡಿಸುವುದಿಲ್ಲ. 32 ಬಿಟ್‌ನಲ್ಲಿ ಎರಡರ ಗುಣಲಬ್ಧವೂ ಹಿಡಿಸಲ್ಲ, ಮೊತ್ತ ಮಾತ್ರ ಹಿಡಿಸುತ್ತದೆ. ಇನ್ನೊಂದು ವಿಷಯ: ವಸ್ತುಗಳ ಸಂಖ್ಯೆ ಮಾಡ್ಯುಲಸ್‌ಗಿಂತ ಕಡಿಮೆ ಇರಲೇಬೇಕು. 7ರ ಲೆಕ್ಕದಲ್ಲಿ 10ರಿಂದ 3 ಆರಿಸಲು ಹೋದರೆ 10!ರಲ್ಲೂ 7 ಇದೆ, 7!ರಲ್ಲೂ ಇದೆ, ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಬೇಕಾಗುತ್ತದೆ. ಅದಕ್ಕೆ ಲ್ಯೂಕಾಸ್ ಪ್ರಮೇಯ ಅಂತ ಬೇರೆ ದಾರಿ ಇದೆ. ನಿಮ್ಮ ಮಾಡ್ಯುಲಸ್ ಇಷ್ಟು ದೊಡ್ಡದಿರುವಾಗ ಸದ್ಯಕ್ಕೆ ಅದರ ತಲೆನೋವು ಬೇಡ.

ಫ್ಯಾಕ್ಟೋರಿಯಲ್‌ಗಳನ್ನೆಲ್ಲ ಮೊದಲೇ ಲೆಕ್ಕ ಹಾಕಿ ಒಂದು ಪಟ್ಟಿಯಲ್ಲಿ ಇಟ್ಟುಕೊಳ್ಳಿ. ಪ್ರತಿಯೊಂದರ ವಿಲೋಮವನ್ನೂ ಘಾತ ಹಾಕಿ ಹುಡುಕಬೇಡಿ, ದಂಡ. ಅತಿ ದೊಡ್ಡದರ ವಿಲೋಮ ಒಂದನ್ನು ಹುಡುಕಿ, ಅಲ್ಲಿಂದ ಕೆಳಗಿಳಿಯಿರಿ: 5!ರ ವಿಲೋಮವನ್ನು 5ರಿಂದ ಗುಣಿಸಿದರೆ 4!ರ ವಿಲೋಮ, ಅದನ್ನು 4ರಿಂದ ಗುಣಿಸಿದರೆ 3!ರ ವಿಲೋಮ. 7 ಇಟ್ಟುಕೊಂಡೇ ಒಮ್ಮೆ ಇಳಿದು ನೋಡೋಣ. 5! ≡ 1, ಅದರ ವಿಲೋಮ 1. 4!ರ ವಿಲೋಮ 1 × 5 = 5. 3!ರದ್ದು 5 × 4 = 20, ಅಂದರೆ 6. 2!ರದ್ದು 6 × 3 = 18, ಅಂದರೆ 4. ಈಗ 5ರಿಂದ 2 ಆರಿಸುವ ಲೆಕ್ಕ: 1 × 4 × 6 = 24, ಅಂದರೆ 3.

ನಿಮ್ಮ ಕೋಡಿನಲ್ಲೂ ಮೊದಲು 7 ಹಾಕಿ ಇದೇ ಲೆಕ್ಕ ಓಡಿಸಿ. ಸೊನ್ನೆ ಹೋಗಿ 3 ಬಂದರೆ, 7 ತೆಗೆದು 1000000007 ಹಾಕಿ.